ಐದು ಮಂದಿ ಬೊಮ್ಮ ಹೊನ್ನ ಗೌಡ

"ಏ, ಆ ಪಿಳ್ಳೆನ್ನ ಕುರ್ಚಿಯಿಂದ ಇಳ್ಸೇ ಮೊದ್ಲು. ಇದು ಕಂಪ್ಯೂಟರ್ ಆಫೀಸು, ನಿಮ್ಮ ಕೇರಿ ಅಂಗಳ ಅಲ್ಲ."

ತುಳಸಿದಾಸ ಮೂಗಿಗೆ ಕರವಸ್ತ್ರ ಹಿಡಿದು ಹೇಳಿದ. ಎರಡು ವರ್ಷದ ನಾಗಶ್ರೀ ಕುರ್ಚಿಯ ಮೇಲೇ ಉಚ್ಚೆ ಹೊಯ್ದುಬಿಟ್ಟಿದ್ದಳು. ಹೊಯ್ಯದೆ ಇನ್ನೇನು ಮಾಡೀತು ಮಗು? ಹಿಲ್ಲೂರ ಬದಿಯಿಂದ ಅಂಕೋಲೆಗೆ ಒಂದು ಬಸ್ಸು, ಅಂಕೋಲೆಯಿಂದ ಕಾರವಾರಕ್ಕೆ ಮತ್ತೊಂದು, ಆಮೇಲೆ ಈ ಆಫೀಸಿನ ಬಾಗಿಲಲ್ಲಿ ಎರಡು ತಾಸು. ಪಾಯಖಾನೆ ಎಲ್ಲಿ ಎಂದು ಕೇಳಿದರೆ "ಅದು ಸ್ಟಾಫಿಗೆ" ಎಂದಿದ್ದರು. ಕುಸುಮಾ ತನ್ನ ವೇಲಿನಿಂದಲೇ ಕುರ್ಚಿ ಒರೆಸಿದಳು.

"ಕೆಳಗೂ ಒರ್ಸು. ನೀನು ಆ ಗೇರುಮನೆ ಬೊಮ್ಮನ ಮಗಳಲ್ವಾ? ನಿನ್ನ ಅಜ್ಜ ನಮ್ಮ ಮನೆ ಗೇಣಿ ಒಕ್ಕಲು. ಅಕ್ಕಿ ಮುಡಿ ತಂದ್ರೆ ಮೆಟ್ಲ ಕೆಳಗೇ ಇಳಿಸ್ಬೇಕಿತ್ತು, ಮೇಲೆ ಹತ್ತುಕೆ ಬಿಡ್ತಿರ್ಲಿಲ್ಲ ನಮ್ಮಜ್ಜ. ಈಗ ನೋಡು, ಮರಿಮಗಳು ಏಸಿಯಲ್ಲಿ ಕೂತ್ಕೊಂಡು ಹೊಯ್ತಾಳೆ."

ಕಂಪ್ಯೂಟರಿನ ಮುಂದೆ ಕೂತಿದ್ದ ಇಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು. ಕುಸುಮಾ ಮೊಣಕಾಲೂರಿ ನೆಲ ಒರೆಸುತ್ತಲೇ, "ಹೌದು ಸರ್, ಬೊಮ್ಮನ ಮಗಳೇ" ಎಂದಳು. ಈ ಮನುಷ್ಯ ಡಿಪಾಸಿಟ್ ಕೇಳಿರಲಿಲ್ಲ. ಮನೆಯಲ್ಲೇ ಕೂತು ಮಾಡುವ ಕೆಲಸ ಎಂದಿದ್ದ, ಲ್ಯಾಪ್‌ಟಾಪು ತಾನೇ ಕೊಡುತ್ತೇನೆ ಎಂದಿದ್ದ. ಅಷ್ಟಕ್ಕೆ ಅವಳು ಇಡೀ ಆಫೀಸನ್ನು ಒರೆಸಿಕೊಡಲೂ ತಯಾರಿದ್ದಳು.

"ಮೂರು ಕಡೆ ಸೈನ್ ಹಾಕು" ಎಂದು ಅವನು ಕಾಗದ ಚಾಚಿದ. ಎರಡನ್ನು ಅವಳು ಓದಿದಳು. ಮೂರನೆಯದರ ಮೇಲ್ಭಾಗದ ಮೇಲೆ ಅವನ ಮೊಣಕೈ ಇತ್ತು. ಸರಿಸಿ ಎನ್ನಲು ನಾಲಿಗೆ ಏಳಲಿಲ್ಲ. ಮಗು ಬೇರೆ ಒದ್ದೆ ಚಡ್ಡಿಯಲ್ಲಿ ಕಿರುಚುತ್ತಿತ್ತು.

"ಓದ್ತಾ ಕೂತ್ರೆ ನಾಕು ಗಂಟೆ ಬಸ್ಸು ತಪ್ತದೆ ನಿಂಗೆ."

ಅವಳು ಸಹಿ ಹಾಕಿದಳು.

ಕುಸುಮಾ ದಡ್ಡಿಯಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೇರಿಯಲ್ಲಿ ಪಿಯುಸಿ ದಾಟಿದ ಮೊದಲ ಹೆಣ್ಣು. ಅಂಕೋಲೆಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತವಳು. ಗಂಡ ಕಿಶೋರ ಮಲ್ಲಾಪುರದಲ್ಲಿ ಗುತ್ತಿಗೆ ಕೂಲಿ, ಅಲ್ಲೇ ನಾಲ್ಕು ಜನ ಸೇರಿ ಹಿಡಿದ ಖೋಲಿಯಲ್ಲಿ ಮಲಗಿ ವಾರಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಬಾಣಂತನಕ್ಕೆ ತವರಿಗೆ ಬಂದವಳು ಅಲ್ಲೇ ಉಳಿದಿದ್ದಳು. ಅವ್ವಿ ಹೊನ್ನಿ ಬೆಳಕು ಹರಿಯುವ ಮೊದಲು ಹರಿವೆ, ಬಸಳೆ, ಮೂಲಂಗಿಯ ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಹೊರಟರೆ ಬರುವುದು ಮಧ್ಯಾಹ್ನ. ಅಪ್ಪ ಗದ್ದೆಯಲ್ಲಿ. ಮಗುವನ್ನು ಯಾರು ನೋಡಬೇಕು? ಕಾರವಾರದ ಬಟ್ಟೆ ಅಂಗಡಿಯವನು "ಹಾಲು ಬಿಡಿಸಿ ಆಮೇಲೆ ಬಾ" ಎಂದಿದ್ದ. ಅಂಗನವಾಡಿಯವರು "ಮೂರು ತುಂಬಲಿ" ಎಂದಿದ್ದರು. ತಾಯಿಯಾದವಳು ಎಲ್ಲರಿಗೂ ನಾಳೆ ಬರಬೇಕಾದವಳು.

ಹಾಗಾಗಿ ಫೋನಿನಲ್ಲಿ ಹುಡುಕಿದಳು. ಮೊದಲು ಸಿಕ್ಕವರು ರಿಜಿಸ್ಟ್ರೇಶನ್ ಎಂದು ದುಡ್ಡು ಇಸಿದುಕೊಂಡು ಫೋನು ಬಂದ್ ಮಾಡಿದರು. ಆ ದುಡ್ಡು ಅವಳ ಕರಿಮಣಿಯ ಎರಡು ಚಿನ್ನದ ಗುಂಡು ಮಾರಿ ಬಂದದ್ದು. ಎರಡನೆಯವರು ಎಂಟುನೂರು ಪುಟ ಟೈಪು ಮಾಡಿಸಿಕೊಂಡು, ತಪ್ಪು ಜಾಸ್ತಿಯಾಗಿದೆ, ಕೋರ್ಟಿಗೆ ಎಳೆಯುತ್ತೇವೆ ಎಂದು ವಕೀಲನ ದನಿಯಲ್ಲಿ ಬೆದರಿಸಿದರು. ಅವಳು ಒಂದು ತಿಂಗಳು ಬೈಕಿನ ಸದ್ದು ಕೇಳಿದರೆ ಸಾಕು, ಪೊಲೀಸರು ಬಂದರೆಂದು ಮಗುವನ್ನೆತ್ತಿಕೊಂಡು ಒಳಗೋಡುತ್ತಿದ್ದಳು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಂತೆ. ಆಮೇಲಿಂದ ದುಡ್ಡು ಕೇಳುವವರನ್ನು ನಂಬಲಿಲ್ಲ, ಮುಖ ಕಾಣದವರನ್ನು ನಂಬಲಿಲ್ಲ, ಬೋರ್ಡು ಇಲ್ಲದ ಆಫೀಸನ್ನು ನಂಬಲಿಲ್ಲ. ತುಳಸಿದಾಸ ದುಡ್ಡು ಕೇಳಲಿಲ್ಲ. ಅವನ ಮುಖ, ಅವನ ಅಪ್ಪನ ಮುಖ, ಮನೆತನ ಎಲ್ಲ ಗೊತ್ತಿದ್ದದ್ದೇ. ಬೋರ್ಡಂತೂ ಆಳೆತ್ತರ ಇತ್ತು.

"ಒಡೇರ ಮಗ ಕೆಲಸ ಕೊಟ್ಟನಾ? ಹಂಗಾರೆ ಅದು ಮೋಸ ಆಗುಕಿಲ್ಲ" ಎಂದಳು ಹೊನ್ನಿ. "ಬೈತಾರೆ, ಅದು ಅವರ ಹುಟ್ಟು. ಆದ್ರೆ ಕೊಟ್ಟ ಮಾತು ತಪ್ಪುರಲ್ಲ."

ಅಪ್ಪ ಬೊಮ್ಮ ಗುದ್ದಲಿ ಎತ್ತಿಕೊಂಡು ಗದ್ದೆಗೆ ಹೊರಟ. ಅವನ ಅಪ್ಪನನ್ನು ಗೇಣಿ ಗದ್ದೆಯಿಂದ ಎಬ್ಬಿಸಿ ಕಾಡಿನ ಅಂಚಿಗೆ ಓಡಿಸಿದ್ದು ಅದೇ ಮನೆತನ. ಮುಳ್ಳು ಕಡಿದು, ಕಲ್ಲು ಹೊತ್ತು, ಮೂರು ತಲೆಮಾರು ಸೇರಿ ಅಲ್ಲಿ ಎರಡು ಗದ್ದೆ, ಒಂದು ತರಕಾರಿ ಹಿತ್ತಲು, ಒಂದು ಹಂಚಿನ ಮನೆ ಮಾಡಿಕೊಂಡಿದ್ದರು. ಸರ್ಕಾರದ ಕಾಗದದಲ್ಲಿ ಮಾತ್ರ ಅದು ಈಗಲೂ ಕಾಡು. ಅದು ನಮ್ಮ ಹೆಸರಿಗೆ ಆಗಲಿ ಎಂದು ಕೇರಿಯ ನಲವತ್ತು ಮನೆಯವರೂ ಅರ್ಜಿ ಕೊಟ್ಟು ವರ್ಷಗಳಾಗಿದ್ದವು. ಬರೆದುಕೊಟ್ಟವರು ಶಾಲೆಯ ಮಾಸ್ತರರು. ಹೊನ್ನಿ ತಮ್ಮ ಅರ್ಜಿಯನ್ನು ಕೊಡುವ ಮುಂಚೆ ಮೂರು ದಿನ ಎಲೆಯಡಿಕೆಯ ಸಂಚಿಯಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಲಗಿದ್ದಳು. ಸಂಚಿಯ ಕವಳದ ಕಲೆ ಕಾಗದದ ಮೂಲೆಗೆ ಹತ್ತಿತ್ತು. "ಕೆಂಪಿದ್ರೆ ಒಳ್ಳೇದೇ, ಕುಂಕುಮ ಇದ್ದಂಗೆ" ಎಂದು ನಕ್ಕಿದ್ದಳು. ಜಮೀನಿನ ಪಟ್ಟೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕೇರಿಯವರು ಇನ್ನೂ ಕಾಯುತ್ತಿದ್ದರು. ಬರದಿದ್ದರೆ ಎದ್ದು ಹೋಗಬೇಕು, ಅಷ್ಟೇ. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಅಂಗಳದಾಚೆಯ ಗೇರುಮರದ ಬುಡದಲ್ಲಿ ಎರಡು ಕಡ್ಡಿ ಬರುತ್ತಿತ್ತು. ಅಲ್ಲಿ ಚಾಪೆ ಹಾಸಿ, ನಾಗಶ್ರೀಯ ಸೊಂಟಕ್ಕೆ ಹಳೇ ಸೀರೆಯ ತುಂಡು ಕಟ್ಟಿ ಇನ್ನೊಂದು ತುದಿಯನ್ನು ತನ್ನ ಕಾಲಿಗೆ ಕಟ್ಟಿಕೊಂಡು ಕುಸುಮಾ ಕೆಲಸಕ್ಕೆ ಕೂರುತ್ತಿದ್ದಳು.

ಕೆಲಸ ಸುಲಭ. ತೆರೆಯ ಮೇಲೆ ಕೈಬರಹದ ಎರಡು ಚೂರು ಬರುತ್ತಿದ್ದವು, ಎಡಕ್ಕೊಂದು ಹೆಸರು, ಬಲಕ್ಕೊಂದು ಹೆಸರು. ಊರಿಲ್ಲ, ನಂಬರಿಲ್ಲ, ಯಾವ ಕಾಗದವೆಂದು ಗೊತ್ತಾಗುವಂಥದ್ದು ಏನೂ ಇಲ್ಲ. ಎರಡನ್ನೂ ಟೈಪು ಮಾಡಬೇಕು. ಕೆಳಗೆ ಒಂದು ಪ್ರಶ್ನೆ: ಇಬ್ಬರೂ ಒಬ್ಬರೇ? ಹೌದು ಅಥವಾ ಅಲ್ಲ ಒತ್ತಬೇಕು.

"ಎಂತಾ ಪಟ್ಟಿ ಸರ್ ಇದು?" ಎಂದು ಮೊದಲ ದಿನವೇ ಕೇಳಿದ್ದಳು.

"ಹಳೇ ರೇಷನ್ ಕಾರ್ಡಿಂದು. ಡಬ್ಬಲ್ ಇದ್ದದ್ದು ತೆಗಿಯೂದು. ನಿಂಗೆ ಯಾಕೆ ಅದೆಲ್ಲ?"

ಮೂರನೆಯ ದಿನದಿಂದ ಗೌಡ ಹೆಸರುಗಳು ಬರತೊಡಗಿದವು. ಎಡಕ್ಕೆ ಬೊಮ್ಮ ಹೊನ್ನ ಗೌಡ, ಬಲಕ್ಕೂ ಬೊಮ್ಮ ಹೊನ್ನ ಗೌಡ. ಕುಸುಮಾಳಿಗೆ ನಗು ಬಂತು. ಅವಳ ಹಾಲಕ್ಕಿ ಜನದ ಕೇರಿಗಳಲ್ಲಿ ಸತ್ತವರ ಹೆಸರನ್ನು ಮನೆಯಿಂದ ಹೊರಗೆ ಬಿಡುವುದಿಲ್ಲ. ಅಜ್ಜ ಹೋದರೆ ಮೊಮ್ಮಗನಿಗೆ, ಅಜ್ಜಿ ಹೋದರೆ ಮೊಮ್ಮಗಳಿಗೆ. ಹತ್ತು ಹನ್ನೆರಡು ಹೆಸರಿನಲ್ಲೇ ಇಡೀ ಕುಲ ನೂರಾರು ವರ್ಷ ಬದುಕಿಕೊಂಡು ಬಂದಿದೆ. ಅವರ ಕೇರಿಯೊಂದರಲ್ಲೇ ಐದು ಮಂದಿ ಬೊಮ್ಮ ಹೊನ್ನ ಗೌಡರಿದ್ದರು. ಹುಣಸೆಬುಡದ ಬೊಮ್ಮ, ಬಾವಿಮನೆ ಬೊಮ್ಮ, ಗುಮಟೆ ಬಾರಿಸುವ ಗುಮಟೆ ಬೊಮ್ಮ, ಕುಂಟ ಬೊಮ್ಮ, ಮತ್ತೆ ಅವಳ ಅಪ್ಪ ಗೇರುಮನೆ ಬೊಮ್ಮ. ಕೇರಿಯವರಿಗೆ ಗೊಂದಲವೇ ಇಲ್ಲ. ಕಾಗದದಲ್ಲಿ ಹುಣಸೆಮರವನ್ನೂ ಬಾವಿಯನ್ನೂ ಯಾರು ಬರೆಯುತ್ತಾರೆ?

ಅಂಕೋಲೆ, ಕುಮಟಾ, ಕಾರವಾರ ಎಲ್ಲೆಲ್ಲೂ ಇಂಥ ಕೇರಿಗಳಿವೆ. ಯಾವ ಊರಿನ ಬೊಮ್ಮಂದಿರೋ ಏನೋ. ಅವಳು ಪ್ರತಿ ಸಲವೂ ಅಲ್ಲ, ಅಲ್ಲ, ಅಲ್ಲ ಎಂದು ಒತ್ತಿದಳು.

ವಾರ ಕಳೆಯುವುದರೊಳಗೆ ಫೋನು ಬಂತು. "ಎಂತ ಕತ್ತೆ ಕಾಯ್ತಿದ್ಯಾ ಅಲ್ಲಿ? ನಿನ್ನ ಅಕ್ಯುರಸಿ ಅರವತ್ತಕ್ಕೆ ಇಳಿದದೆ. ಹೆಸರು ಒಂದೇ, ಅಪ್ಪನ ಹೆಸರು ಒಂದೇ. ಮತ್ತೆ ಅಲ್ಲ ಅಂತ ಯಾಕೆ ಒತ್ತಿದ್ದು?"

"ಸರ್, ನಮ್ಮ ಜನದಲ್ಲಿ ಒಂದೇ ಹೆಸರು ಸುಮಾರು ಜನಕ್ಕೆ ಇರ್ತದೆ. ಬೇರೆ ಬೇರೆ ಮನೆಯವ್ರು ಆಗಿರ್ಬಹುದು."

"ನಿನ್ನ ಕೇರಿ ಪುರಾಣ ಯಾರಿಗೆ ಬೇಕು? ಮೇಲಿಂದ ಬಂದ ರೂಲು ಅದು. ಒಂದೇ ಇದ್ರೆ ಹೌದು ಒತ್ತು. ಆಗುದಿಲ್ಲ ಅಂದ್ರೆ ಲ್ಯಾಪ್‌ಟಾಪ್ ತಂದಿಟ್ಟು ಬುಟ್ಟಿ ಹೊರುಕೆ ಹೋಗು. ನಿಮ್ಮಂತೋರಿಗೆ ಕೆಲಸ ಕೊಟ್ಟದ್ದೇ ನನ್ನ ತಪ್ಪು."

ಕುಸುಮಾ ಫೋನಿಟ್ಟಳು. ಕಾಲಿಗೆ ಕಟ್ಟಿದ ಸೀರೆಯನ್ನು ಮಗು ಎಳೆಯುತ್ತಿತ್ತು. ಈ ಕೆಲಸ ಹೋದರೆ ಮತ್ತೆ ಆ ಫೋನಿನ ಕಳ್ಳರ ಬಾಯಿಗೇ ಬೀಳಬೇಕು. ಮುಂದಿನ ಚೂರುಗಳು ಬಂದವು. ಜಟ್ಟು ಬೀರಾ ಗೌಡ, ಜಟ್ಟು ಬೀರಾ ಗೌಡ. ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಖಂಡಿತ ಗೊತ್ತಿತ್ತು. ಹೌದು ಒತ್ತಿದಳು.

ಮೊದಲನೆಯದು ಕಷ್ಟ. ಹತ್ತನೆಯದರ ಹೊತ್ತಿಗೆ ಕೈ ತಾನೇ ಓಡತೊಡಗಿತು. ಒಂದು ದಿನ ಬಂದ ಚೂರಿನ ಅಂಚಿನಲ್ಲಿ ಕೆಂಪಗೆ ಒಂದು ಕಲೆಯಿತ್ತು. ಕವಳದ ಕಲೆಯ ಹಾಗೇ ಇತ್ತು. ಯಾರೋ ನಮ್ಮವ್ವಿಯಂಥವಳೇ ಇರಬೇಕು ಎಂದುಕೊಂಡು ನಕ್ಕಳು. ಮಗು ಬಿದ್ದು ಅತ್ತಿತು. ಎತ್ತಿಕೊಳ್ಳುತ್ತಲೇ ಅದಕ್ಕೂ ಹೌದು ಒತ್ತಿದಳು.

ಅಕ್ಯುರಸಿ ತೊಂಬತ್ತೆಂಟಾಯಿತು. ತುಳಸಿದಾಸ ಅವಳ ಫೋಟೋವನ್ನು ಗ್ರೂಪಿಗೆ ಹಾಕಿ 'ತಿಂಗಳ ತಾರೆ' ಎಂದು ಬರೆದ. ಹೊನ್ನಿ ಆ ಫೋಟೋವನ್ನು ಪೇಟೆಯಲ್ಲಿ ಬಸಳೆ ಕೊಳ್ಳಲು ಬಂದವರಿಗೆಲ್ಲ ತೋರಿಸಿದಳು. "ನನ್ ಮಗಳು. ಮನೇಲೇ ಕೂತು ಆಫೀಸು ಮಾಡ್ತದೆ" ಎಂದು ಒಂದು ಹಿಡಿ ಸೊಪ್ಪು ಹೆಚ್ಚಿಗೆ ಕೊಟ್ಟಳು.

ಜಮೀನಿನ ಅರ್ಜಿಗಳ ಪಟ್ಟಿ ಬಂದಿದೆ ಎಂಬ ಸುದ್ದಿ ಬಂದದ್ದು ಒಂದು ಬೆಳಿಗ್ಗೆ. ಇಡೀ ಕೇರಿ ಪಂಚಾಯ್ತಿ ಕಟ್ಟೆಗೆ ಹೋಯಿತು. ಬೋರ್ಡಿನ ಮೇಲೆ ಆರು ಹಾಳೆ ಅಂಟಿಸಿದ್ದರು. ಕೇರಿಯ ಹಿರಿಯ ಬೀರಾ ಗೌಡ ಜನರನ್ನು ಸರಿಸಿ ದಾರಿ ಮಾಡಿದ.

"ಬಿಡ್ರೋ, ಕುಸ್ಮಾ ಬರ್ಲಿ. ಓದೂರು ಅವಳೇ ಅಲ್ದಾ ನಮ್ಮಲ್ಲಿ. ಬಾ ತಂಗಿ, ದೊಡ್ಡಕೆ ಓದು, ಹಿಂದಿದ್ದೋರಿಗೂ ಕೇಳ್ಲಿ."

ಅವಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಓದಿದಳು. "ಬೊಮ್ಮ ಹೊನ್ನ ಗೌಡ. ಬಂದ ಅರ್ಜಿ ಐದು. ಪರಿಗಣಿಸಿದ್ದು ಒಂದು. ಉಳಿದ ನಾಲ್ಕು ಒಬ್ಬನೇ ವ್ಯಕ್ತಿಯ ಪುನರಾವರ್ತಿತ ಅರ್ಜಿಗಳು, ತಿರಸ್ಕೃತ." ದನಿ ಸಣ್ಣದಾಯಿತು. "ಜಟ್ಟು ಬೀರಾ ಗೌಡ. ಬಂದ ಅರ್ಜಿ ಮೂರು. ಪರಿಗಣಿಸಿದ್ದು ಒಂದು."

"ದೊಡ್ಡಕೆ" ಎಂದರು ಹಿಂದಿನಿಂದ.

ನಲವತ್ತರಲ್ಲಿ ಉಳಿದದ್ದು ಹದಿನಾರು. ಕೊನೆಯ ಹಾಳೆಯ ಕೆಳಗೆ ಇನ್ನೂ ಎರಡು ಸಾಲಿದ್ದವು. ಅವಳು ಅಲ್ಲಿಗೆ ನಿಲ್ಲಿಸಿದಳು.

"ಕೆಳಗೆ ಇನ್ನೂ ಎಂತದೋ ಅದೆ. ಅದನ್ನೂ ಓದು" ಎಂದ ಬೀರಾ ಗೌಡ.

ಓದದೆ ಉಪಾಯವಿರಲಿಲ್ಲ. "ಮೇಲ್ಕಂಡ ಹೆಸರುಗಳನ್ನು ಅದೇ ಸಮುದಾಯದ ಸ್ಥಳೀಯ ಪರಿಶೀಲಕಿಯಿಂದ ಪರಿಶೀಲಿಸಿ ದೃಢೀಕರಿಸಲಾಗಿದೆ. ಕುಸುಮಾ ಬೊಮ್ಮ ಗೌಡ."

ಅದರ ಕೆಳಗೆ ಅವಳ ಸಹಿ. ಅವನ ಮೊಣಕೈಯಡಿ ಹಾಕಿದ ಸಹಿ.

ಕುಂಟ ಬೊಮ್ಮ ಕೋಲೂರಿಕೊಂಡು ಅವಳ ಮುಂದೆ ಬಂದ. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಡ್ಡ ತಿರುಗಿಸಿದವನು. "ಥೂ ರಂಡೆ" ಎಂದ. "ನಾನೂ ನಿನ್ನಪ್ಪನೂ ಒಂದೇ ಜನ ಅಂತ ಬರ್ಕೊಟ್ಯನೇ? ನನ್ನ ಕಾಲು ನೋಡು, ನಿನ್ನಪ್ಪನ ಕಾಲು ನೋಡು. ಎಷ್ಟು ದುಡ್ಡು ಕೊಟ್ಟ ಆ ಬೇವರ್ಸಿ ನಿಂಗೆ?"

"ಬೊಮ್ಮಜ್ಜಾ, ನಂಗೆ ಗೊತ್ತಿರ್ಲಿಲ್ಲ. ರೇಷನ್ ಕಾರ್ಡು ಅಂದಿದ್ರು."

"ರೇಷನ್ ಕಾರ್ಡಲ್ಲಿ ನಾವು ಒಬ್ಬನೇ ಆತೇವಾ?"

ಬೀರಾ ಗೌಡ ನೆಲ ನೋಡುತ್ತ, "ಕೊಡ್ಲಿ ಕಾವು ಕುಲಕ್ಕೆ ಮೃತ್ಯು ಅಂತ ಹಿಂದಿನೋರು ಸುಮ್ನೆ ಹೇಳ್ಲಿಲ್ಲ" ಎಂದು ಹೊರಟ. ಅವನ ಹಿಂದೆ ಕೇರಿಯೆಲ್ಲ ಹೊರಟಿತು. ಹೊನ್ನಿ ಕೂಡ ಬುಟ್ಟಿ ತಲೆಗಿಟ್ಟುಕೊಂಡು ಮಗಳ ಕಡೆ ನೋಡದೆ ಹೋದಳು.

ಮರುದಿನವೇ ಕುಸುಮಾ ಕಾರವಾರದಲ್ಲಿದ್ದಳು. ಈ ಸಲ ತುಳಸಿದಾಸ ಕಾಯಿಸಲಿಲ್ಲ. ಕುರ್ಚಿ ತೋರಿಸಿದ, ಚಹಾ ತರಿಸಿದ. ಅವಳು ನಿಂತೇ ಇದ್ದಳು.

"ನಂಗೆ ಮೋಸ ಮಾಡಿದ್ರಿ ಸರ್ ನೀವು."

"ಮೋಸ? ಅರೇ, ಪಗಾರ ತಪ್ಪಿಸಿದ್ದೇನಾ? ಒಂದು ದಿನ ಲೇಟ್ ಮಾಡಿದ್ದೇನಾ? ಲ್ಯಾಪ್‌ಟಾಪ್ ಕೊಟ್ಟೆ, ಫೋಟೋ ಹಾಕ್ದೆ. ಹೌದು ಅಂತ ಒತ್ತಿದ್ದು ಯಾರು, ನಾನಾ?"

"ನೀವೇ ಒತ್ತುಕೆ ಹೇಳಿದ್ದು. ಆ ಮೂರನೇ ಕಾಗದ ನಂಗೆ ಓದುಕೆ ಬಿಡ್ಲಿಲ್ಲ."

"ಸಹಿ ಹಾಕಿದ್ದು ನೀನು. ಓದ್ಲಿಕ್ಕೆ ಬರದೋಳಾ ನೀನು?" ಅವನು ಚಹಾ ಹೀರಿದ. "ನೋಡು ಕುಸುಮಾ, ಸರ್ಕಾರದ ಈ ಗುತ್ತಿಗೆ ಕೆಲಸಕ್ಕೆ ಮೂವತ್ತು ಹೆಣ್ಣು ಮಕ್ಕಳು ಬಂದಿದ್ರು. ನಿನಗಿಂತ ಚುರುಕು ಬೆರಳಿನೋರು. ನಿಂಗೇ ಯಾಕೆ ಕೊಟ್ಟೆ ಹೇಳು? ಹೊರಗಿನೋರು ಮಾಡಿದ್ರೆ ನಾಳೆ ನಿಮ್ಮೋರು ಬಂದು ನಮ್ಮ ಜನ ನಿಮಗೆಂತ ಗೊತ್ತು ಅಂತ ಗಲಾಟೆ ಮಾಡ್ತಾರೆ. ಈಗ ಎಂತ ಗಲಾಟೆ? ಅವರ ಮಗಳೇ ನೋಡಿ ಹೌದು ಅಂದಾಳೆ."

ಕುಸುಮಾ ತನ್ನ ಪಿಯುಸಿಗೆ, ತನ್ನ ಟೈಪಿಂಗಿಗೆ ಸಿಕ್ಕ ಕೆಲಸ ಎಂದುಕೊಂಡಿದ್ದಳು. ಎಳೆ ಮಗುವಿನ ತಾಯಿಯ ಕಷ್ಟ ನೋಡಿ ಕೊಟ್ಟ ಎಂದು ಮನಸ್ಸಿನಲ್ಲೇ ಕೈಮುಗಿದಿದ್ದಳು ಕೂಡ. ಅವನಿಗೆ ಬೇಕಾದದ್ದು ಅವಳ ಕುಲ ಮಾತ್ರ. ಆ ಫೋನಿನ ಕಳ್ಳರೇ ವಾಸಿ. ಅವರು ಕರಿಮಣಿಯ ಗುಂಡು ಕದ್ದಿದ್ದರು, ಇವನು ಅವಳ ಕೈಯನ್ನೇ ಕದ್ದಿದ್ದ.

"ಹಾಗಂತ ನಿನ್ನನ್ನ ಕೈಬಿಡೂದಿಲ್ಲ" ಎಂದು ಅವನು ದನಿ ತಗ್ಗಿಸಿದ. "ಬೊಮ್ಮ ಹೊನ್ನ ಗೌಡ ಅಂತ ಒಂದು ಅರ್ಜಿ ಉಳಿದದೆ ಅಲ್ಲ? ಅದು ಯಾವ ಬೊಮ್ಮಂದು ಅಂತ ಇನ್ನೂ ಬರ್ದಿಲ್ಲ. ಶುಕ್ರವಾರ ಪಂಚಾಯ್ತಿಯಲ್ಲಿ ವಿಚಾರಣೆ. ಸಾಹೇಬ್ರು ಕೇಳ್ತಾರೆ, ನೀನು ಸಹಿ ನಂದೇ ಅನ್ನು, ನಿನ್ನಪ್ಪನ್ನ ತೋರ್ಸು. ಗದ್ದೆ, ಮನೆ, ಹಿತ್ಲು ಎಲ್ಲ ನಿಮ್ಮದು. ಕೆಲಸವೂ ಇರ್ತದೆ. ಚಹಾ ಕುಡಿ."

ಅವಳು ಚಹಾ ಮುಟ್ಟಲಿಲ್ಲ. ಬಸ್ಸಿನಲ್ಲಿ ಅವರ್ಸಾ ದಾಟುವವರೆಗೂ ಅವನ ಮಾತನ್ನು ಮನಸ್ಸಿನಿಂದ ಕಿತ್ತು ಹಾಕುತ್ತಲೇ ಇದ್ದಳು, ಅದು ಮತ್ತೆ ಮತ್ತೆ ಬಂದು ಕೂರುತ್ತಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆಸೆ ಆಯಿತು. ಹಂಚಿನ ಮನೆ, ಬಸಳೆ ಚಪ್ಪರ, ಮಗಳು ಓಡಾಡುವ ಅಂಗಳ ಕಣ್ಣಿಗೆ ಕಟ್ಟಿದವು.

ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೊನ್ನಿ ಎರಡು ದಿನದಿಂದ ಕಟ್ಟಿಕೊಂಡಿದ್ದ ಬಾಯಿ ಬಿಟ್ಟಳು.

"ಹೇಳಿಬಿಡು. ನಿನ್ನಪ್ಪನ್ನ ತೋರ್ಸಿಬಿಡು. ಹೆಂಗೂ ನಮ್ಮ ಹೆಸರು ಕೆಟ್ಟು ಕೆರ ಹಿಡ್ದದೆ, ಗದ್ದೆನಾದ್ರೂ ಉಳೀಲಿ. ಆ ಕುಂಟ ನಿಂಗೆ ರಂಡೆ ಅಂದ್ನಲ್ಲ, ಅವನಿಗೋಸ್ಕರ ನಾವು ಬೀದಿಗೆ ಬೀಳೂದಾ?"

ಬೊಮ್ಮ ಮೂಲಂಗಿ ಮಡಿಗೆ ನೀರು ಹಾಕಿ ಬಂದು ಕೊಡ ಮಗುಚಿಟ್ಟ. ಕಾಲು ತೊಳೆದ.

"ನಾ ಆ ಒಬ್ಬ ಬೊಮ್ಮ ಆದ್ರೆ, ಮತ್ತೆ ಆ ನಾಲ್ವರು ಯಾರು?" ಎಂದು ಕೇಳಿದ. ಆಮೇಲೆ ಗಂಜಿ ಉಣ್ಣಲು ಕೂತ.

ಶುಕ್ರವಾರ ಪಂಚಾಯ್ತಿ ಹಾಲ್ ತುಂಬಿತ್ತು. ಮೇಜಿನ ಹಿಂದೆ ವಿಚಾರಣೆಗೆ ಬಂದ ಸಾಹೇಬರು, ಅವರ ಎಡಕ್ಕೆ ತುಳಸಿದಾಸ, ಬಲಕ್ಕೆ ದೊಡ್ಡ ರಿಜಿಸ್ಟರ್ ತೆರೆದುಕೊಂಡ ಗುಮಾಸ್ತ. ಕುರ್ಚಿಗಳೆಲ್ಲ ವೇದಿಕೆಯ ಮೇಲಿದ್ದವು. ಕೇರಿಯವರು ನೆಲದ ಮೇಲೆ ಕೂತಿದ್ದರು. ಕುಸುಮಾಳ ಸುತ್ತ ಒಂದು ಆಳು ಜಾಗ ಖಾಲಿಯಿತ್ತು, ಆ ಜಾಗದಲ್ಲಿ ನಾಗಶ್ರೀ ಒಬ್ಬಳೇ ಆಡಿಕೊಂಡಿದ್ದಳು.

"ಗಲಾಟೆ ಬೇಡ. ಕಾಡು ಕಡಿದು ಕೂತವರಿಗೆ ಸರ್ಕಾರ ಇಷ್ಟು ಕೊಡುವುದೇ ಹೆಚ್ಚು" ಎಂದು ಸಾಹೇಬರು ಶುರುಮಾಡಿದರು. "ಒಬ್ಬನೇ ಐದೈದು ಅರ್ಜಿ ಹಾಕಿ ಸರ್ಕಾರಕ್ಕೆ ಟೋಪಿ ಹಾಕಲು ನೋಡಿದ್ದೀರಿ. ಕೇಸು ಹಾಕಬೇಕಿತ್ತು, ಬಿಟ್ಟಿದ್ದೇವೆ. ಪರಿಶೀಲಕಿ ಯಾರು? ಮುಂದೆ ಬಾ."

ಅವಳು ಎದ್ದು ವೇದಿಕೆ ಹತ್ತಿ ಮೈಕಿನ ಮುಂದೆ ನಿಂತಳು.

"ಇದು ನಿನ್ನ ಸಹಿಯೇ?"

"ಹೌದು."

"ಈ ಹೆಸರುಗಳನ್ನು ನೋಡಿದ್ದು ನೀನೇ?"

"ಹೌದು. ನಾನೇ ನೋಡಿದ್ದು."

ತುಳಸಿದಾಸ ತಲೆಯಾಡಿಸಿದ. ನೆಲದ ಮೇಲಿಂದ ಕುಂಟ ಬೊಮ್ಮ ಕ್ಯಾಕರಿಸಿ ಕಿಟಕಿಯಾಚೆ ಉಗುಳಿದ ಸದ್ದು ಕೇಳಿಸಿತು.

"ಹಾಗಾದರೆ ಬೊಮ್ಮ ಹೊನ್ನ ಗೌಡ ಯಾರು ಎಂದು ತೋರಿಸು."

ಕುಸುಮಾ ಜನರ ಕಡೆ ತಿರುಗಿದಳು. ಅಪ್ಪ ಕಂಬಕ್ಕೊರಗಿ ಕೂತಿದ್ದ. ಅವ್ವಿ ಸಂಚಿಯನ್ನು ಎರಡೂ ಕೈಯಲ್ಲಿ ಹಿಚುಕುತ್ತಿದ್ದಳು.

"ಹುಣಸೆಬುಡದ ಬೊಮ್ಮ ಹೊನ್ನ ಗೌಡ" ಎಂದು ಕರೆದಳು. "ಏಳಿ."

ಹುಣಸೆಬುಡದ ಬೊಮ್ಮ ತಬ್ಬಿಬ್ಬಾಗಿ ಅತ್ತಿತ್ತ ನೋಡಿ ಎದ್ದು ನಿಂತ. ಗುಮಾಸ್ತ ರಿಜಿಸ್ಟರಿನಲ್ಲಿ ಹೆಸರು ಹುಡುಕಿ ಹಾಜರು ಎಂದು ಬರೆದುಕೊಂಡ. ತುಳಸಿದಾಸನ ಹುಬ್ಬು ಗಂಟಾಯಿತು.

"ಗುಮಟೆ ಬೊಮ್ಮ ಹೊನ್ನ ಗೌಡ. ಏಳಿ."

ಅವನೂ ಎದ್ದ.

"ಬಾವಿಮನೆ ಬೊಮ್ಮ ಹೊನ್ನ ಗೌಡ."

ಬಾವಿಮನೆ ಬೊಮ್ಮ ಸತ್ತು ಎರಡು ಮಳೆಗಾಲವಾಗಿತ್ತು. ಅವನ ಹೆಂಡತಿ ನಾಗು ಮುದುಕಿ ಕೈಯೂರಿ ಎದ್ದು ನಿಂತಳು. ಕೊರಳಲ್ಲಿ ಮಣಿಸರ ಇರಲಿಲ್ಲ, ಕೈಯಲ್ಲಿ ಗಂಡನ ವೋಟಿನ ಕಾರ್ಡು ಇತ್ತು.

"ಏಯ್, ಏನಿದು ನಾಟಕ?" ಎಂದರು ಸಾಹೇಬರು. "ಒಬ್ಬನನ್ನು ತೋರಿಸು ಎಂದದ್ದು."

"ಕುಂಟ ಬೊಮ್ಮ ಹೊನ್ನ ಗೌಡ" ಎಂದಳು ಕುಸುಮಾ.

ಅವನು ಏಳಲಿಲ್ಲ. ಅವಳನ್ನೇ ದಿಟ್ಟಿಸಿ ಕೂತ. ಅವಳೂ ಅವನನ್ನೇ ನೋಡಿದಳು. ತುಳಸಿದಾಸ ಕೈ ಬೀಸಿದ, ಯಾರೋ ಮೈಕಿನ ವೈರು ಕಿತ್ತರು.

"ಬೊಮ್ಮಜ್ಜಾ" ಎಂದಳು ಮೈಕಿಲ್ಲದೆಯೇ. "ಅಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಹೌದು ಒತ್ತಿದ್ದೆ. ನೀ ಬೈದದ್ದು ಸರಿಯೇ. ಈಗ ಏಳು."

ಮುದುಕ ಕೋಲು ಹುಡುಕಿದ. ಪಕ್ಕದವರು ಹಿಡಿಯಲು ಬಂದರೆ ಕೈ ಕೊಡವಿ, ತಾನೇ ಎದ್ದ. "ಆ ಬೋಳೀಮಗನ ಕೆಲಸ ಬಿಟ್ಟ್ಯಾ ಇಲ್ವಾ ಮೊದ್ಲು ಹೇಳು" ಎಂದ.

"ಬಿಟ್ಟೆ."

"ಹಂಗಾರೆ ನಿಂತೆ."

"ಗೇರುಮನೆ ಬೊಮ್ಮ ಹೊನ್ನ ಗೌಡ" ಎಂದಳು ಕೊನೆಗೆ. ಅಪ್ಪ ಆಗಲೇ ನಿಂತಿದ್ದ.

ತುಳಸಿದಾಸ ಸಾಹೇಬರ ಕಿವಿಯಲ್ಲಿ ಏನೋ ಹೇಳಿದ. ಸಾಹೇಬರು ಗುಮಾಸ್ತನಿಗೆ, "ಬೊಮ್ಮ ಹೊನ್ನ ಗೌಡ, ಒಬ್ಬರು ಹಾಜರು. ಅಷ್ಟೇ ಇರಲಿ. ಮುಂದಿನ ಹೆಸರು ಓದು" ಎಂದರು. ಗುಮಾಸ್ತ ಕಣ್ಣೆತ್ತಿ ಸಾಲಾಗಿ ನಿಂತಿದ್ದ ಐವರನ್ನೂ ನೋಡಿದ, ಕಣ್ಣಿಳಿಸಿ ಮೊದಲೇ ಬರೆದಿದ್ದ ಸಾಲಿನ ಕೆಳಗೆ ಗೆರೆ ಎಳೆಯಲು ಅಡಿಪಟ್ಟಿ ಹಿಡಿದ.

ಆ ಗೆರೆ ಬೀಳುವ ಮೊದಲೇ ಕುಸುಮಾ ರಿಜಿಸ್ಟರನ್ನು ಎಳೆದುಕೊಂಡಳು. ಗುಮಾಸ್ತನ ಕೈಯ ಪೆನ್ನನ್ನೂ, ಮೇಜಿನ ಮೇಲಿದ್ದ ಹೆಬ್ಬೆಟ್ಟಿನ ಮಸಿಯ ಡಬ್ಬಿಯನ್ನೂ ಎತ್ತಿಕೊಂಡಳು. ವೇದಿಕೆಯಿಂದ ಇಳಿದು ಕೇರಿಯವರ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಸರ್ಕಾರಿ ರಿಜಿಸ್ಟರ್ ಅದು. ಜೈಲಿಗೆ ಹೋಗ್ತೀಯ" ಎಂದು ಸಾಹೇಬರು ಎದ್ದರು. "ಪೊಲೀಸರಿಗೆ ಫೋನ್ ಹಚ್ಚಿ."

"ಹಚ್ಚಿ" ಎಂದಳು. "ಡಾಟಾ ಎಂಟ್ರಿ ಮಾಡ್ತಿದ್ದೇನೆ ಸರ್. ನಂಗೆ ಇದೊಂದೇ ಕೆಲಸ ಬರೂದು."

ತುಳಸಿದಾಸ ರಿಜಿಸ್ಟರು ಕಸಿಯಲು ಕೆಳಗಿಳಿದು ಬಂದ. ಕುಂಟ ಬೊಮ್ಮ ಕೋಲನ್ನು ಅಡ್ಡ ಹಿಡಿದ. ಬೀರಾ ಗೌಡ ಮೆಲ್ಲಗೆ ಎದ್ದು ಬಂದು ಆ ಕೋಲಿನ ಪಕ್ಕದಲ್ಲಿ ನಿಂತ. ಹಿಂದಿದ್ದವರು ಒಬ್ಬೊಬ್ಬರಾಗಿ ಎದ್ದರು. ಅವಳ ಸುತ್ತ ಖಾಲಿಯಿದ್ದ ಜಾಗ ಕಾಣದಾಯಿತು. ಹೊನ್ನಿ ಮಾತ್ರ ಕೂತೇ ಇದ್ದಳು. ಆಮೇಲೆ ಅವಳೂ ಜರುಗಿ ಬಂದು ಮೊಮ್ಮಗಳನ್ನು ಎತ್ತಿ ಮಡಿಲಲ್ಲಿ ಹಾಕಿಕೊಂಡಳು.

ಕುಸುಮಾ ಒಂದನೇ ಸಾಲು ಬರೆದಳು. ಬೊಮ್ಮ ಹೊನ್ನ ಗೌಡ, ಹುಣಸೆಬುಡದ ಮನೆ. ಅವನು ಮಸಿ ಒತ್ತಿ ಹೆಬ್ಬೆಟ್ಟು ಹಾಕಿದ. ಹೊರಗೆ ಹೋದ ಸಾಹೇಬರು ಫೋನಿನಲ್ಲಿ ಪೊಲೀಸರಿಗೆ ಊರಿನ ಹೆಸರು ಹೇಳುತ್ತಿದ್ದದ್ದು ಕೇಳುತ್ತಿತ್ತು. ಅಂಕೋಲೆಯಿಂದ ಜೀಪು ಬರಲು ಮುಕ್ಕಾಲು ತಾಸು ಬೇಕು. ಅವಳು ಎರಡನೇ ಸಾಲು ಬರೆದಳು. ಬೊಮ್ಮ ಹೊನ್ನ ಗೌಡ, ಬಾವಿಮನೆ, ಮೃತ. ಹೆಂಡತಿ ನಾಗು ಹಾಜರು.

"ಅಜ್ಜಿ, ಎಡಗೈ ಹೆಬ್ಬೆಟ್ಟು ಕೊಡಿ" ಎಂದಳು.

ನಾಗು ಮುದುಕಿ ಗಂಡನ ಕಾರ್ಡನ್ನು ಬಲಗೈಗೆ ಬದಲಿಸಿ ಎಡಗೈ ಮುಂದೆ ಚಾಚಿದಳು.